ಕಪ್ಪು ಪರದೆಯಿಂದ ಕನ್ನಡದ ಕಿಟಕಿಗೆ

ನಮ್ಮೂರ ಪ್ರೌಢಶಾಲೆಗೆ ಐವತ್ತು ತುಂಬಿದ ಸಂದರ್ಭದಲ್ಲಿ ಹೊರಬರುತ್ತಿರುವ ಈ ಸಂಚಿಕೆಗೆ ‘ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ’ ಎಂದು ಸಂಪಾದಕ ಸಮಿತಿಯವರು ಕೇಳಿದರು. ಶಾಲೆಯ ಕಟ್ಟಡ ಎದ್ದ ಕಥೆ, ದುಡಿದ ಗುರುಗಳ ನೆನಪು, ಫಲಿತಾಂಶದ ಏರಿಳಿತ ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಬರೆಯುತ್ತಾರೆ. ನನ್ನ ಅನ್ನದ ದಾರಿ ಕಂಪ್ಯೂಟರು. ಆದ್ದರಿಂದ ಅದರೊಳಗಿನ ಒಂದು ಸಣ್ಣ ಇತಿಹಾಸವನ್ನು ಹೇಳುತ್ತೇನೆ. ಕಪ್ಪು ಪರದೆಯ ಮೇಲೆ ಒಂದು ಪದ ಟೈಪ್ ಮಾಡಿ, ಎಂಟರ್ ಒತ್ತಿ, ಬಿಳಿಯ ಕಿಟಕಿಯೊಂದನ್ನು ತೆರೆದು, ಅದರಲ್ಲಿ ನಮ್ಮ ಕನ್ನಡವನ್ನು ಬರೆಯಲು ಸಾಧ್ಯವಾದದ್ದು ಹೇಗೆ ಎಂಬುದೇ ಆ ಇತಿಹಾಸ.

ಇದು ಕಂಪ್ಯೂಟರ್ ಕಲಿತವರ ಮಾತು, ನಮಗೇಕೆ ಎಂದು ಯಾರೂ ಪುಟ ತಿರುಗಿಸಬಾರದು. ಇದನ್ನು ಬರೆಯಲು ಕಾರಣವಾದದ್ದು ನಮ್ಮ ಸೀಮೆಯ ಹಾಡುಗಳು.

ಒಂದು ಲಕೋಟೆ

ಗುಂಡ್ಲುಪೇಟೆ ತಾಲ್ಲೂಕಿನ ಹಲವು ಊರುಗಳಲ್ಲಿ ಮೇಷ್ಟ್ರಾಗಿದ್ದ ಹಿರಿಯರೊಬ್ಬರು ರಜೆ ದಿನಗಳಲ್ಲಿ ಹಳ್ಳಿ ಹಳ್ಳಿ ತಿರುಗಿ ಹಾಡು ಬರೆದುಕೊಳ್ಳುತ್ತಿದ್ದರು. ಮಾದಪ್ಪನ ಕಂಸಾಳೆಯವರ ಹಾಡು, ಮಂಟೇಸ್ವಾಮಿಯ ನೀಲಗಾರರ ಹಾಡು, ಮದುವೆ ಮನೆಯ ಸೋಬಾನೆ, ಕಳೆ ಕೀಳುವಾಗಿನ ಹಾಡು ಎಲ್ಲವೂ ಅವರ ನೋಟ್‌ಬುಕ್ಕುಗಳಲ್ಲಿದ್ದವು. 1990ರ ದಶಕದ ಕೊನೆಯಲ್ಲಿ ಅವನ್ನು ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದರು. ಪುಸ್ತಕ ಮಾಡಿಸಲು ದುಡ್ಡು ಕೂಡಿಬರಲಿಲ್ಲ. ನೋಟ್‌ಬುಕ್ಕುಗಳು ಮನೆ ಬದಲಿಸುವಾಗ ಗೆದ್ದಲು ಹಿಡಿದು ಹೋದವು. ಮೇಷ್ಟ್ರೂ ಹೋದರು. ಅವರ ಮಗ ನನ್ನನ್ನು ಹುಡುಕಿಕೊಂಡು ಬಂದು ಒಂದು ಲಕೋಟೆ ಕೊಟ್ಟರು. ಅದರಲ್ಲಿ ಮೂರು ಫ್ಲಾಪಿ, ಒಂದು ಸಿಡಿ ಇದ್ದವು. ‘ಅಪ್ಪಾಜಿ ಬರೆದ ಹಾಡೆಲ್ಲ ಇದರಲ್ಲಿವೆ ಅಂತಾರೆ ಸಾರ್. ತೆಗೆದರೆ ಬರೀ ಇಂಗ್ಲಿಷ್ ಬರ್ತದೆ’ ಎಂದರು.

ತೆರೆದು ನೋಡಿದೆ. ಅವರು ಹೇಳಿದಂತೆಯೇ ಇತ್ತು. ಪರದೆಯ ತುಂಬ ರೋಮನ್ ಅಕ್ಷರಗಳು. ಕೆಲವದರ ತಲೆಯ ಮೇಲೆ ಗೆರೆ, ಕೆಲವದರ ಮೇಲೆ ಚುಕ್ಕೆ, ನಡುನಡುವೆ ಪೌಂಡಿನ ಗುರುತು. ಅದು ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ. ನೂರಾರು ಜನರ ಬಾಯಿಂದ ಬಂದ ಹಾಡುಗಳು ಹೀಗೇಕಾದವು? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊಳೆ, ಕೀಲಿ, ಮೇಣದ ಹಾಳೆ

ಐವತ್ತು ವರ್ಷಗಳ ಹಿಂದೆ ಹಳ್ಳಿಯ ಪ್ರೌಢಶಾಲೆಯ ಕಚೇರಿಯಲ್ಲಿ ಬರವಣಿಗೆ ಎಂದರೆ ಮಸಿ, ಲೇಖನಿ, ಕಾರ್ಬನ್ ಹಾಳೆ. ಪ್ರಶ್ನೆಪತ್ರಿಕೆ ಬೇಕಾದರೆ ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಕಬ್ಬಿಣದ ಕಡ್ಡಿಯಿಂದ ಬರೆದು ಸೈಕ್ಲೋಸ್ಟೈಲ್ ಮಾಡುತ್ತಿದ್ದರು. ಮುದ್ರಣಾಲಯದಲ್ಲಿ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ದೊಡ್ಡ ಕಚೇರಿಗಳಲ್ಲಿ ಕನ್ನಡ ಬೆರಳಚ್ಚು ಯಂತ್ರ ಇರುತ್ತಿತ್ತು. ಅದರ ಕೀಲಿಮಣೆಯನ್ನು ರೂಪಿಸಿದವರು ಕೆ. ಅನಂತಸುಬ್ಬರಾಯರು. ಇಂಗ್ಲಿಷಿನ 26 ಅಕ್ಷರಕ್ಕೆಂದು ಹುಟ್ಟಿದ ಯಂತ್ರದ ಹಿಡಿಯಷ್ಟು ಕೀಲಿಗಳಲ್ಲಿ ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ತುಂಡು ತುಂಡಾಗಿ ಬಿಡಿಸಿ ಕೂರಿಸಿದ್ದು ಸಣ್ಣ ಸಾಹಸವಲ್ಲ. ತಲೆಕಟ್ಟು ಒಂದು ಕೀಲಿ, ಇಳಿ ಒಂದು ಕೀಲಿ, ಒತ್ತು ಇನ್ನೊಂದು.

ಕನ್ನಡವನ್ನು ಯಂತ್ರಕ್ಕೆ ಒಗ್ಗಿಸುವ ಕಷ್ಟ ಇಲ್ಲಿಯೇ ಇದೆ. ಇಂಗ್ಲಿಷ್ ಅಕ್ಷರಗಳು ಸಾಲಾಗಿ ಒಂದರ ಪಕ್ಕ ಒಂದು ನಿಲ್ಲುತ್ತವೆ. ನಮ್ಮ ಅಕ್ಷರ ಹಾಗಲ್ಲ. ಸ್ವರ ಮೇಲೆ ಕೂರುತ್ತದೆ, ಒತ್ತು ಕೆಳಗಿಳಿಯುತ್ತದೆ, ಅರ್ಕಾವತ್ತು ಹಿಂದೆ ಹೋಗಿ ನಿಲ್ಲುತ್ತದೆ. ಕಂಪ್ಯೂಟರ್ ಬಂದಾಗಲೂ ಇದೇ ಕಷ್ಟ ಇನ್ನೊಂದು ವೇಷದಲ್ಲಿ ಬಂತು.

ಕಪ್ಪು ಪರದೆಯ ಕಾಲ

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚ್ಚಿ ಮತ್ತು ಸಂಗಡಿಗರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದರು. ಆಗ ಕಂಪ್ಯೂಟರಿನ ಜೊತೆ ಮಾತಾಡಲು ಸಾಮಾನ್ಯವಾಗಿ ಪರದೆ ಬಳಸುತ್ತಿರಲಿಲ್ಲ. ಟೆಲಿಟೈಪ್ ಎಂಬ ಗಡಗಡ ಸದ್ದಿನ ಟೈಪ್ ಯಂತ್ರದಲ್ಲಿ ಆಜ್ಞೆ ಬರೆದರೆ, ಉತ್ತರ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. ಥಾಂಪ್ಸನ್ ಬರೆದ ‘ಇಡಿ’ ಎಂಬ ಸಂಪಾದಕ, ಅಂದರೆ ಬರಹ ತಿದ್ದುವ ತಂತ್ರಾಂಶ, ಒಂದು ಸಲಕ್ಕೆ ಒಂದು ಸಾಲನ್ನು ತಿದ್ದುತ್ತಿತ್ತು. ತಪ್ಪಾದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಅಚ್ಚಿಸಿ ಸುಮ್ಮನಾಗುತ್ತಿತ್ತು. ಏನು ತಪ್ಪು ಎಂದು ಹುಡುಕಿಕೊಳ್ಳುವುದು ಬರೆದವನ ಪಾಡು.

ಆಮೇಲೆ ಗಾಜಿನ ಪರದೆ ಬಂತು. 1976ರಲ್ಲಿ ಬರ್ಕ್‌ಲಿಯ ವಿದ್ಯಾರ್ಥಿ ಬಿಲ್ ಜಾಯ್ ‘ವಿಐ’ ಎಂಬ ಸಂಪಾದಕ ಬರೆದರು. ಇದರಲ್ಲಿ ಇಡೀ ಪುಟ ಕಣ್ಣಿಗೆ ಕಾಣುತ್ತಿತ್ತು. ಆದರೆ ಆ ಪರದೆ ಚೌಕಗಳ ಹಾಸು. ಚೌಕಾಬಾರದ ಮನೆಯ ಹಾಗೆ ಅಡ್ಡಕ್ಕೆ 80, ಉದ್ದಕ್ಕೆ 25, ಒಟ್ಟು 2000 ಮನೆ. ಒಂದು ಮನೆಗೆ ಒಂದು ಅಕ್ಷರ. ಪರ್ಸನಲ್ ಕಂಪ್ಯೂಟರುಗಳಲ್ಲಿ ಈ ಮನೆಗಳಲ್ಲಿ ಕೂರಿಸಲು ಒಟ್ಟು 256 ಆಕಾರಗಳಿಗೆ ಮಾತ್ರ ಜಾಗ ಇತ್ತು. ಎಳೆದಾಡಿದರೆ 512.

ನಮ್ಮ ಶಾಲೆಯ ಮಕ್ಕಳು ಇಲ್ಲಿ ಒಂದು ಲೆಕ್ಕ ಮಾಡಬಹುದು. ಕನ್ನಡದ ವ್ಯಂಜನ 34. ಒಂದೊಂದಕ್ಕೂ ‘ಕ’ದಿಂದ ‘ಕಃ’ದವರೆಗೆ 15 ಕಾಗುಣಿತ. 34ನ್ನು 15ರಿಂದ ಗುಣಿಸಿದರೆ 510. ಒಂದೊಂದಕ್ಕೂ ಒಂದು ಆಕಾರ ಕೊಡುತ್ತ ಹೋದರೆ ಅಲ್ಲಿಗೇ ಜಾಗ ಮುಗಿಯಿತು. ಉಳಿದ ಎರಡು ಜಾಗದಲ್ಲಿ ಸ್ವರಗಳನ್ನು ಇಡುವುದೋ, ಒತ್ತಕ್ಷರ ಇಡುವುದೋ, ಅಂಕಿಗಳನ್ನು ಇಡುವುದೋ? ‘ಅಮ್ಮ’ ಎಂದು ಬರೆಯಲು ಸಹ ಆಗದು.

ಹಾಗೆಂದು ನಮ್ಮವರು ಕೈಕಟ್ಟಿ ಕೂರಲಿಲ್ಲ. ಕಾನ್ಪುರದ ಐಐಟಿಯಲ್ಲಿ ಆರಂಭವಾದ ಸಂಶೋಧನೆ ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ‘ಜಿಸ್ಟ್’ ತಂತ್ರಜ್ಞಾನವಾಗಿ ಬೆಳೆಯಿತು. ಕಂಪ್ಯೂಟರಿನೊಳಗೆ ಜಿಸ್ಟ್ ಕಾರ್ಡನ್ನು ಸಿಕ್ಕಿಸಿದರೆ ಅದೇ ಕಪ್ಪು ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಹಲವು ಭಾರತೀಯ ಭಾಷೆಗಳಿಗೆ ಒಂದೇ ಸಂಕೇತವಾದ ‘ಇಸ್ಕಿ’ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಆದರೆ ಪ್ರತ್ಯೇಕ ಕಾರ್ಡು ಕೊಂಡು ಕನ್ನಡ ಬರೆಯುವ ಶಕ್ತಿ ಕಚೇರಿಗಳಿಗಿತ್ತೇ ಹೊರತು ಹಳ್ಳಿಯ ಮೇಷ್ಟ್ರಿಗೆ ಇರಲಿಲ್ಲ.

ಕಿಟಕಿ ತೆರೆಯಿತು

ಕನ್ನಡಕ್ಕೆ ಬೇಕಾಗಿದ್ದದ್ದು ಚೌಕಗಳಿಲ್ಲದ ಪರದೆ. ಎಲ್ಲಿ ಬೇಕೋ ಅಲ್ಲಿ ಚುಕ್ಕೆ ಇಟ್ಟು ಬೇಕಾದ ಆಕಾರ ಬಿಡಿಸಬಹುದಾದ ಪರದೆ. ರಂಗೋಲಿ ಹಾಕುವವರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. 1984ರಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್ ಇಂಥ ಪರದೆಯನ್ನು ಜನಸಾಮಾನ್ಯರ ಮೇಜಿಗೆ ತಂದಿತು. ಅದೇ ವರ್ಷ ಅಮೆರಿಕದ ಎಂಐಟಿಯಲ್ಲಿ ಯುನಿಕ್ಸ್ ಯಂತ್ರಗಳಿಗಾಗಿ ‘ಎಕ್ಸ್ ವಿಂಡೋ’ ವ್ಯವಸ್ಥೆ ಹುಟ್ಟಿತು. ಕಪ್ಪು ಪರದೆಯಲ್ಲಿ ಒಂದು ಪದದ ಆಜ್ಞೆ ಕೊಟ್ಟರೆ ಪಕ್ಕದಲ್ಲಿ ಕಿಟಕಿ ತೆರೆದುಕೊಳ್ಳುವ ಪದ್ಧತಿ ಯುನಿಕ್ಸಿನಲ್ಲಿ ನೆಲೆಯಾದದ್ದು ಇದರಿಂದ. ಅದರ ಜೊತೆಗೇ ಬರುತ್ತಿದ್ದ ‘ಎಕ್ಸ್-ಎಡಿಟ್’ ಎಂಬ ಪುಟ್ಟ ಸಂಪಾದಕವನ್ನು ಹಾಗೆಯೇ ಹೆಸರು ಹಿಡಿದು ಕರೆಯುತ್ತಿದ್ದರು. ನಮ್ಮ ಕಡೆ ಡಾಸ್ ಕಲಿತವರಿಗೆ ಇನ್ನೊಂದು ನೆನಪಿರಬಹುದು. ಕಂಪ್ಯೂಟರ್ ಹಚ್ಚಿದ ಮೇಲೆ ‘ವಿನ್’ ಎಂದು ಟೈಪ್ ಮಾಡಿದರಷ್ಟೇ ವಿಂಡೋಸ್ 3.1 ಏಳುತ್ತಿತ್ತು.

ಈ ಹೊಸ ಪರದೆಯ ಮೇಲೆ ಕನ್ನಡ ಬಂದದ್ದು ಒಂದು ಉಪಾಯದಿಂದ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳ ಚಿತ್ರವನ್ನು ಇಟ್ಟರು. ಶ್ರೀಲಿಪಿ, ಆಕೃತಿಯಂಥ ತಂತ್ರಾಂಶಗಳು ಡಿಟಿಪಿ ಅಂಗಡಿಗಳಲ್ಲಿ ನೆಲೆಯೂರಿದವು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ‘ಸೇಡಿಯಾಪು’ ತಂತ್ರಾಂಶ ರೂಪಿಸಿದರು. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರು ಅದು. ಅದಕ್ಕಿಂತ ದೊಡ್ಡ ಉಪಕಾರ ಅವರ ಕೀಲಿಮಣೆ. ಬೆರಳಚ್ಚು ಯಂತ್ರದ ತುಂಡುಗಳನ್ನು ಬಿಟ್ಟು, ಮಗು ಬಾಯಲ್ಲಿ ಹೇಳುವ ಕ್ರಮದಲ್ಲೇ ಒತ್ತುವ ಕೀಲಿಮಣೆಯನ್ನು ಅವರು ಕೊಟ್ಟರು. ವ್ಯಂಜನ ಒತ್ತಿ, ಸ್ವರ ಒತ್ತಿದರೆ ಕಾಗುಣಿತ. ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ. 26 ಕೀಲಿಗಳಲ್ಲೇ ಇಡೀ ಕನ್ನಡ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಸರ್ಕಾರಿ ಕಚೇರಿಗಳಲ್ಲೆಲ್ಲ ಹರಡಿತು.

ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಪ್ರಶ್ನೆಪತ್ರಿಕೆ ಎಲ್ಲವೂ ಅಂದವಾಗಿ ಅಚ್ಚಾಗತೊಡಗಿದವು. ಮೊಳೆ ಜೋಡಿಸುವವರ ಕಾಲ ಮುಗಿಯಿತು. ಆದರೆ ಉಪಾಯದ ಒಳಗೊಂದು ಅಪಾಯ ಇತ್ತು. ಕಡತದ ಒಳಗೆ ಉಳಿಯುತ್ತಿದ್ದದ್ದು ರೋಮನ್ ಸಂಕೇತಗಳೇ. ಮೇಲೆ ಹೊದಿಸಿದ ಫಾಂಟು ಅದನ್ನು ಕನ್ನಡವಾಗಿ ತೋರಿಸುತ್ತಿತ್ತು. ಫಾಂಟು ಇಲ್ಲದ ಕಂಪ್ಯೂಟರಿಗೆ ಒಯ್ದರೆ ವೇಷ ಕಳಚಿ ಬೀಳುತ್ತಿತ್ತು. ಒಂದು ತಂತ್ರಾಂಶದ ತುಂಡುಗಳ ಕ್ರಮ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಮೇಷ್ಟ್ರ ಹಾಡುಗಳಿಗೆ ಆದದ್ದು ಇದೇ.

ಒಬ್ಬೊಬ್ಬ ಅಕ್ಷರಕ್ಕೂ ಒಂದು ನಂಬರು

ಈ ಗೊಂದಲಕ್ಕೆ ಪರಿಹಾರ ಅಷ್ಟರಲ್ಲಾಗಲೇ ಹುಟ್ಟಿತ್ತು, ನಮ್ಮ ಊರಿಗೆ ತಲುಪಿರಲಿಲ್ಲ ಅಷ್ಟೆ. 1991ರಲ್ಲಿ ಪ್ರಕಟವಾದ ಯುನಿಕೋಡ್ ಸಂಕೇತದಲ್ಲಿ ಜಗತ್ತಿನ ಹಲವು ಲಿಪಿಗಳಿಗೆ ಪ್ರತ್ಯೇಕ ಜಾಗ ಕೊಡಲಾಯಿತು. ಹಾಜರಿ ಪುಸ್ತಕದಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ನಂಬರು ಇರುವ ಹಾಗೆ. ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗಿನ 128 ಸ್ಥಾನ. ‘ಕ’ ಎಂದರೆ 3221. ‘ಷ’ ಎಂದರೆ 3255. ನಡುವೆ ಬೆಸೆಯುವ ವಿರಾಮಚಿಹ್ನೆ 3277. ಈ ಮೂರನ್ನು 3221, 3277, 3255 ಎಂದು ಸಾಲಾಗಿ ಇಟ್ಟರೆ ‘ಕ್ಷ’. ಕಡತದಲ್ಲಿ ಉಳಿಯುವುದು ಅಕ್ಷರದ ಚಿತ್ರವಲ್ಲ, ಅಕ್ಷರವೇ. ಚಿತ್ರ ಬಿಡಿಸುವುದು ಪರದೆಯ ಕೆಲಸ. ಹೀಗಾಗಿ ಆಕಾರಗಳ ಲೆಕ್ಕದಲ್ಲಿ 512ಕ್ಕೂ ಸಾಲದ ಕನ್ನಡ, ಅಕ್ಷರಗಳ ಲೆಕ್ಕದಲ್ಲಿ 128 ಸ್ಥಾನದೊಳಗೆ ಹಾಯಾಗಿ ಕುಳಿತಿತು.

ಆ ನಂಬರುಗಳನ್ನು ಕಡತದಲ್ಲಿ ಬರೆದಿಡುವ ‘ಯುಟಿಎಫ್-8’ ಎಂಬ ಕ್ರಮವನ್ನು 1992ರಲ್ಲಿ ರೂಪಿಸಿದವರು ಇಬ್ಬರು. ರಾಬ್ ಪೈಕ್ ಒಬ್ಬರು. ಇನ್ನೊಬ್ಬರು ಅದೇ ಕೆನ್ ಥಾಂಪ್ಸನ್. ಇಂಗ್ಲಿಷ್ ಮಾತ್ರ ಬರೆಯಬಲ್ಲ, ಸಾಲಿಗೊಂದು ಪ್ರಶ್ನಾರ್ಥಕ ಚಿಹ್ನೆ ಕೊಡುತ್ತಿದ್ದ ಆ ಹಳೆಯ ಸಂಪಾದಕ ಬರೆದ ಕೈಯೇ ಎರಡು ದಶಕಗಳ ನಂತರ ಕನ್ನಡಕ್ಕೂ ಬಾಗಿಲು ತೆರೆಯಿತು. ಇಂದು ನಾವು ಫೋನಿನಲ್ಲಿ ಕಳಿಸುವ ಕನ್ನಡ ಸಂದೇಶದಲ್ಲಿ ಒಂದೊಂದು ಸಂಕೇತವೂ ಸಾಮಾನ್ಯವಾಗಿ ಈ ಕ್ರಮದಲ್ಲೇ ಮೂರು ಬೈಟುಗಳಾಗಿ ಹೋಗುತ್ತದೆ.

ನಂಬರು ಸಿಕ್ಕರೆ ಸಾಲದು, ಅದನ್ನು ಜೋಡಿಸಿ ಅಕ್ಷರವಾಗಿ ಬಿಡಿಸುವವರು ಬೇಕು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಬಂತು. ಇನ್ನೊಂದು ಕಡೆ, ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಮುಕ್ತ ತಂತ್ರಾಂಶಗಳು ಬೆಳೆಯುತ್ತಿದ್ದವು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿಗೆ, 1997ರಲ್ಲಿ ಮೆಕ್ಸಿಕೋದ ಇಬ್ಬರು ಯುವಕರು ‘ಗ್ನೋಮ್’ ಎಂಬ ಕಿಟಕಿಗಳ ಮನೆ ಕಟ್ಟಲು ಹೊರಟರು. ಅದರ ಬರವಣಿಗೆಯ ಹಲಗೆಯೇ ‘ಜಿ-ಎಡಿಟ್’. 1999ರಲ್ಲಿ ಮೊದಲು ಹೊರಬಂತು. 2002ರ ಗ್ನೋಮ್ 2ರಲ್ಲಿ ‘ಪ್ಯಾಂಗೊ’ ಎಂಬ ಲಿಪಿ ಜೋಡಿಸುವ ತಂತ್ರಾಂಶ ಸೇರಿದ ಮೇಲೆ ಜಿ-ಎಡಿಟ್‌ನಂಥ ಸಂಪಾದಕಗಳಲ್ಲಿ ಒತ್ತಕ್ಷರ ಸರಿಯಾಗಿ ಕೂರಲು ದಾರಿಯಾಯಿತು. ‘ಪ್ಯಾನ್’ ಎಂದರೆ ಗ್ರೀಕಿನಲ್ಲಿ ಎಲ್ಲ, ‘ಗೊ’ ಎಂದರೆ ಜಪಾನಿಯಲ್ಲಿ ಭಾಷೆ. ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಕನ್ನಡಕ್ಕೆ ಸಿಕ್ಕವು. ಕೆ.ಪಿ. ರಾವ್ ಅವರ ಕೀಲಿಮಣೆಯ ಕ್ರಮ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೂ ಸೇರಿತು.

ಇಂಗ್ಲಿಷ್ ಬರೆಯುವವನಿಗೆ ಕಿಟಕಿಯ ಸಂಪಾದಕ ಒಂದು ಅನುಕೂಲ. ಕಪ್ಪು ಪರದೆಯಲ್ಲೂ ಅವನ ಕೆಲಸ ನಡೆಯುತ್ತದೆ. ಕನ್ನಡ ಬರೆಯುವವನಿಗೆ ಅದು ಅನಿವಾರ್ಯ. ಇಂದಿಗೂ ಬಹಳಷ್ಟು ಟರ್ಮಿನಲ್‌ಗಳಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತು ಒಂದು ಮನೆಯಲ್ಲಿ, ಅಕ್ಷರ ಇನ್ನೊಂದು ಮನೆಯಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ. ಚೌಕದ ಹಾಸು ಇನ್ನೂ ಹೋಗಿಲ್ಲ. ಕಪ್ಪು ಪರದೆಯಲ್ಲಿ ನಿಂತು ಕಿಟಕಿಯನ್ನು ಕರೆಯುವುದು ನಮ್ಮ ಭಾಷೆಯವರಿಗೆ ಅದಕ್ಕಾಗಿಯೇ ಅಷ್ಟು ಮುಖ್ಯ.

ಎಂಟರ್ ಒತ್ತಿದಾಗ ನಡೆಯುವುದು

ಕಂಪ್ಯೂಟರ್ ಕೊಠಡಿಯ ಮಕ್ಕಳಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಬುಂಟುವಿನಲ್ಲಿ ಟರ್ಮಿನಲ್ ತೆರೆದರೆ ಡಾಲರ್ ಚಿಹ್ನೆಯ ಮುಂದೆ ಒಂದು ಗೆರೆ ಮಿಣುಕುತ್ತದೆ. ಅಲ್ಲಿ ಇಂಗ್ಲಿಷಿನಲ್ಲಿ ಜಿ-ಎಡಿಟ್ ಎಂಬ ಪದವನ್ನು ನಡುವಿನ ಗೆರೆ ಇಲ್ಲದೆ ಒಟ್ಟಾಗಿ ಬರೆದು, ಒಂದು ಜಾಗ ಬಿಟ್ಟು ಕಡತದ ಹೆಸರು ಬರೆಯಬೇಕು.

ನಾವು ಬರೆದದ್ದನ್ನು ‘ಶೆಲ್’ ಎಂಬ ತಂತ್ರಾಂಶ ಓದುತ್ತದೆ. ಮೊದಲ ಪದ ತಂತ್ರಾಂಶದ ಹೆಸರು ಎಂದು ತಿಳಿದು, ‘ಪಾತ್’ ಎಂಬ ಪಟ್ಟಿಯಲ್ಲಿರುವ ಕಪಾಟುಗಳಲ್ಲಿ ಒಂದೊಂದಾಗಿ ಹುಡುಕುತ್ತದೆ. ಸಿಗದಿದ್ದರೆ ‘ಅಂಥ ಆಜ್ಞೆ ಇಲ್ಲ’ ಎನ್ನುತ್ತದೆ. ಸಿಕ್ಕರೆ ಅದನ್ನು ಎಬ್ಬಿಸಿ, ಎರಡನೆಯ ಪದವನ್ನು ಅದರ ಕೈಗೆ ಕೊಡುತ್ತದೆ. ಎದ್ದ ತಂತ್ರಾಂಶ ತನ್ನ ಕಿಟಕಿಯನ್ನು ಯಾವ ಪರದೆಯ ಮೇಲೆ ತೆರೆಯಬೇಕು ಎಂದು ತಿಳಿಯಲು, ಎಕ್ಸ್ ವ್ಯವಸ್ಥೆಯಲ್ಲಿ ‘ಡಿಸ್‌ಪ್ಲೇ’ ಎಂಬ ಚೀಟಿ ನೋಡುತ್ತದೆ. ಚೀಟಿಯಲ್ಲಿ ವಿಳಾಸ ಇದ್ದರೆ ಅಲ್ಲಿಗೆ ಹೋಗಿ ಕಿಟಕಿ ತೆರೆಯುತ್ತದೆ. ಇಲ್ಲದಿದ್ದರೆ ‘ಡಿಸ್‌ಪ್ಲೇ ತೆರೆಯಲಾಗುತ್ತಿಲ್ಲ’ ಎಂದು ನಿಂತುಬಿಡುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ದೂರದ ಇನ್ನೊಂದು ಯಂತ್ರಕ್ಕೆ ಸಂಪರ್ಕ ಮಾಡಿ, ಅಲ್ಲಿ ಈ ಆಜ್ಞೆ ಕೊಟ್ಟು, ಕಿಟಕಿ ಬರದೆ ಅರ್ಧ ದಿನ ತಲೆ ಕೆರೆದುಕೊಂಡಿದ್ದೆ. ಆ ಯಂತ್ರಕ್ಕೆ ನನ್ನ ಪರದೆಯ ವಿಳಾಸವೇ ಗೊತ್ತಿರಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಕಿಟಕಿ ಮುಚ್ಚುವವರೆಗೂ ಶೆಲ್ ಸುಮ್ಮನೆ ಕಾಯುತ್ತಿರುತ್ತದೆ, ಬೇರೆ ಆಜ್ಞೆ ಕೇಳುವುದಿಲ್ಲ. ಸಾಲಿನ ಕೊನೆಗೆ ಇಂಗ್ಲಿಷಿನ ‘ಅಂಡ್’ ಚಿಹ್ನೆ ಹಾಕಿದರೆ ಸಂಪಾದಕ ಹಿನ್ನೆಲೆಯಲ್ಲಿ ನಡೆಯುತ್ತದೆ, ಶೆಲ್ ಮುಂದಿನ ಆಜ್ಞೆಗೆ ಸಿದ್ಧವಾಗುತ್ತದೆ. ಹಾಗಂತ ಟರ್ಮಿನಲ್ಲನ್ನೇ ಮುಚ್ಚಿದರೆ ಸಾಮಾನ್ಯವಾಗಿ ಅದರಿಂದ ಹುಟ್ಟಿದ ಕಿಟಕಿಯೂ ಮುಚ್ಚುತ್ತದೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಒಂದು ಸಂಜೆ ಎರಡು ಗಂಟೆ ಕೂತು ಕನ್ನಡದಲ್ಲಿ ಬರೆದದ್ದನ್ನು ಉಳಿಸದೆ, ‘ಈ ಕಪ್ಪು ಕಿಟಕಿ ಯಾಕೆ ಬೇಕು’ ಎಂದು ಮುಚ್ಚಿ, ಬರೆದದ್ದೆಲ್ಲ ಹೋದ ಮೇಲೆ ಕಲಿತೆ. ಅಂದಿನಿಂದ ಒಂದೊಂದು ಪ್ಯಾರಾಕ್ಕೂ ಉಳಿಸುವ ಅಭ್ಯಾಸ.

ಶಾಲೆಗಳಿಗೆ ಬಂದ ದಾರಿ

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ತರುವ ಮೊದಲ ದೊಡ್ಡ ಪ್ರಯತ್ನ 1984ರ ‘ಕ್ಲಾಸ್’ ಯೋಜನೆ. ಆಗ ಬ್ರಿಟನ್ನಿನ ಬಿಬಿಸಿ ಮೈಕ್ರೊ ಯಂತ್ರಗಳು ಸುಮಾರು 250 ಶಾಲೆಗಳಿಗೆ ಹೋದವು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಈ ಶತಮಾನದ ಮೊದಲ ವರ್ಷಗಳಲ್ಲಿ ‘ಮಾಹಿತಿ ಸಿಂಧು’ ಯೋಜನೆ ಬಂತು. 2004ರ ಡಿಸೆಂಬರಿನಲ್ಲಿ ಕೇಂದ್ರದ ‘ಐಸಿಟಿ’ ಯೋಜನೆ ಆರಂಭವಾಯಿತು. ಆ ದಿನಗಳ ಕಂಪ್ಯೂಟರ್ ಕೊಠಡಿಯನ್ನು ನೆನೆದರೆ ಈಗ ನಗು ಬರುತ್ತದೆ. ಬಾಗಿಲ ಹೊರಗೆ ಚಪ್ಪಲಿಯ ರಾಶಿ. ಒಳಗೆ ದೂಳು ಬೀಳದಂತೆ ಬಟ್ಟೆ ಹೊದಿಸಿದ ಯಂತ್ರಗಳು. ಆಯುಧಪೂಜೆಯ ದಿನ ಮಾನಿಟರಿನ ಹಣೆಗೆ ವಿಭೂತಿ, ಕುಂಕುಮ, ನಮ್ಮ ಹೊಲದ್ದೇ ಚೆಂಡುಹೂವಿನ ಹಾರ. ಒಂದು ಯಂತ್ರಕ್ಕೆ ಐದಾರು ಮಕ್ಕಳು, ಕರೆಂಟು ಬರುವುದನ್ನು ಕಾಯುತ್ತ.

2011ರ ಸುಮಾರಿಗೆ ಒಂದು ಮುಖ್ಯ ತಿರುವು ಬಂತು. ರಾಜ್ಯದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲಾ ಶಿಕ್ಷಕರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ ನಡೆಸಿದವು. ಅದರ ತರಬೇತಿಯಲ್ಲಿ ಶಿಕ್ಷಕರು ಬಳಸಿದ್ದು ಉಬುಂಟು. ಪಾಠದ ಸಾಮಗ್ರಿಯನ್ನು ಶಿಕ್ಷಕರೇ ಯುನಿಕೋಡ್ ಕನ್ನಡದಲ್ಲಿ ಬರೆದು ಹಂಚಿಕೊಳ್ಳುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರವೂ ಇದರಿಂದ ಬೆಳೆಯಿತು. ನಮ್ಮ ತಾಲ್ಲೂಕಿನ ಕಾಡು ದಾಟಿದರೆ ವಯನಾಡು. ಆ ಕೇರಳದ ಶಾಲೆಗಳು ಮುಕ್ತ ತಂತ್ರಾಂಶವನ್ನು ನಮಗಿಂತ ಮೊದಲೇ ಅಪ್ಪಿಕೊಂಡಿದ್ದವು. ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲ ಎಂಬುದು ಒಂದು ಲಾಭ. ನಮ್ಮ ಭಾಷೆಗೆ ಏನು ಬೇಕೋ ಅದನ್ನು ನಾವೇ ಸೇರಿಸಿಕೊಳ್ಳಬಹುದು ಎಂಬುದು ಅದಕ್ಕಿಂತ ದೊಡ್ಡದು. ತಂತ್ರಾಂಶದ ಮೆನುಗಳನ್ನು ‘ಕಡತ’, ‘ಸಂಪಾದನೆ’, ‘ಉಳಿಸು’ ಎಂದು ಕನ್ನಡಕ್ಕೆ ತಂದದ್ದರಲ್ಲಿ ಕನ್ನಡದ ಸ್ವಯಂಸೇವಕರ ಪಾಲು ದೊಡ್ಡದು.

ಪಸೆರ್ ಅಲ್ಲ, ಪರ್ಸೆ

ಈಗ ಲಕೋಟೆಗೆ ಮರಳುತ್ತೇನೆ. ಸಿಡಿಯಲ್ಲಿದ್ದ ಕಡತಗಳನ್ನು ಮೊದಲು ಸಾದಾ ಪಠ್ಯವಾಗಿ ಉಳಿಸಿಕೊಂಡೆ. ಹಳೆಯ ಫಾಂಟಿನ ಸಂಕೇತವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಟರ್ಮಿನಲ್ಲಿನಲ್ಲಿ ಅಂಥದೊಂದನ್ನು ಓಡಿಸಿ, ಬಂದ ಫಲವನ್ನು ಅದೇ ಟರ್ಮಿನಲ್ಲಿನಿಂದ ಜಿ-ಎಡಿಟ್ ಕರೆದು ತೆರೆದೆ. ಕಿಟಕಿಯಲ್ಲಿ ಕನ್ನಡ ಮೂಡಿತು. ಇಪ್ಪತ್ತು ವರ್ಷದಷ್ಟು ಕಾಲ ಯಾರೂ ಓದಿರದ ಹಾಡಿನ ಸಾಲುಗಳು. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರ ಮಗ ಒಂದು ಮಾತೂ ಆಡಲಿಲ್ಲ. ಪರದೆಯನ್ನು ಮೆಲ್ಲಗೆ ಬೆರಳಿಂದ ಮುಟ್ಟಿದರು.

ಆದರೆ ಎಲ್ಲವೂ ಸರಿ ಇರಲಿಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರ ಆದ ಮೇಲೆ ಇಡುತ್ತಿದ್ದರು. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ಅಂದರೆ ‘ರ್’ ಮೊದಲು. ಪರಿವರ್ತಕ ಕೆಲವೆಡೆ ಇದನ್ನು ತಿರುಗಿಸಲು ಮರೆತಿತ್ತು. ‘ಪಸೆರ್’ ಎಂಬ ಪದ ಮತ್ತೆ ಮತ್ತೆ ಬರುತ್ತಿತ್ತು. ಯಾವುದೋ ಹಳೆಯ ಪದವಿರಬೇಕು ಎಂದು ನಿಘಂಟು ತಿರುವಿದೆ, ಸಿಗಲಿಲ್ಲ. ಕೊನೆಗೆ ಹಾಡುಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಹಾಡು ಬಲ್ಲ ಅಜ್ಜಿಯೊಬ್ಬರ ಜಗುಲಿಗೆ ಹೋಗಿ ಓದಿ ಹೇಳಿದೆ.

‘ಪಸೆರ್ ಅಂದ್ರೆ ಏನಜ್ಜಿ?’

ಅಜ್ಜಿ ಎಲೆಅಡಿಕೆ ಪಕ್ಕಕ್ಕಿಟ್ಟು ನನ್ನನ್ನು ನೋಡಿದರು. ‘ಪಸೆರೂ ಇಲ್ಲ ಗಿಸೆರೂ ಇಲ್ಲ ಕನ ಮಗ. ಪರ್ಸೆ! ಮಾದಪ್ಪನ ಪರ್ಸೆ. ಎಸ್ಟು ಓದ್ದೆ ನೀನು?’

ನಕ್ಕೆವು. ಆಮೇಲೆ ಅಜ್ಜಿ ಆ ಹಾಡನ್ನು ಪೂರ್ತಿ ಹಾಡಿದರು. ಕಡತದಲ್ಲಿ ಇಲ್ಲದ ನಾಲ್ಕು ಸಾಲು ಅವರ ಬಾಯಲ್ಲಿತ್ತು. ಹೀಗೆ ಕೆಲವು ತಿಂಗಳು ಸಂಜೆ ಹೊತ್ತು ತಿದ್ದುತ್ತ ಹೋದೆ. ಕಂಪ್ಯೂಟರ್ ಅಕ್ಷರಗಳನ್ನು ವಾಪಸು ತಂದಿತು, ಮಾತನ್ನು ವಾಪಸು ತಂದದ್ದು ಆ ಅಜ್ಜಿ. ಮೂರು ಫ್ಲಾಪಿಗಳಲ್ಲಿ ಎರಡನ್ನು ಹೇಗೋ ಓದಿಸಿದೆ. ಮೂರನೆಯದು ಬೂಷ್ಟು ಹಿಡಿದಿತ್ತು, ಯಾವ ಯಂತ್ರವೂ ಓದಲಿಲ್ಲ. ಅದರ ಮೇಲೆ ಮೇಷ್ಟ್ರ ಕೈಬರಹದಲ್ಲಿ ‘ಸೋಬಾನೆ’ ಎಂದಿದೆ. ಆ ಹಾಡುಗಳನ್ನು ಹೇಳಿಕೊಟ್ಟ ಹೆಂಗಸರಲ್ಲಿ ಹೆಚ್ಚಿನವರು ಈಗಿಲ್ಲ. ಫ್ಲಾಪಿಯನ್ನು ಎಸೆಯಲು ಮನಸ್ಸು ಬಾರದೆ ಇಟ್ಟುಕೊಂಡಿದ್ದೇನೆ.

ಮಕ್ಕಳಿಗೊಂದು ಮಾತು

ತಂತ್ರಾಂಶಗಳ ಆಯುಸ್ಸು ಸಣ್ಣದು. 2022ರಲ್ಲಿ ಗ್ನೋಮ್‌ನವರು ಜಿ-ಎಡಿಟ್ ಬದಲು ಹೊಸ ಸಂಪಾದಕವನ್ನು ತಂದರು. ಅದೇ ವರ್ಷದ ಕೊನೆಯ ಉಬುಂಟುವಿನಲ್ಲೂ ಅದು ಬಂತು. ಟರ್ಮಿನಲ್ಲಿನಲ್ಲಿ ಕರೆಯಬೇಕಾದ ಹೆಸರೂ ಬದಲಾಯಿತು. ಮುಂದೆ ಅದೂ ಬದಲಾಗಬಹುದು. ಆದರೆ ಯುನಿಕೋಡಿನಲ್ಲಿ ಸಾದಾ ಪಠ್ಯವಾಗಿ ಉಳಿಸಿದ ಕಡತವನ್ನು ಹಳೆಯದೂ ಓದುತ್ತದೆ, ಹೊಸದೂ ಓದುತ್ತದೆ. ಮೇಷ್ಟ್ರು ಟೈಪ್ ಮಾಡಿಸಿದ ಕಾಲದಲ್ಲಿ ಅವರಿಗೆ ಆ ಅವಕಾಶ ಸಿಗಲಿಲ್ಲ. ನಿಮಗೆ ಸಿಕ್ಕಿದೆ.

ಆದ್ದರಿಂದ ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಅಜ್ಜಿ, ತಾತ, ದೊಡ್ಡವ್ವ ಯಾರನ್ನಾದರೂ ಕೇಳಿ ಒಂದು ಹಾಡೋ, ಒಂದು ಗಾದೆಯೋ, ಹೊಲದ ಹೆಸರೋ, ಕೆರೆಯ ಕಥೆಯೋ ಬರೆದುಕೊಳ್ಳಿ. ಅವರು ಹೇಳಿದ ಹಾಗೆಯೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಕಂಪ್ಯೂಟರ್ ಕೊಠಡಿಗೆ ಹೋಗಿ ಟರ್ಮಿನಲ್ ತೆರೆಯಿರಿ, ಸಂಪಾದಕವನ್ನು ಕರೆಯಿರಿ, ಟೈಪ್ ಮಾಡಿ ಉಳಿಸಿ. ಕಡತದ ಹೆಸರನ್ನೂ ಕನ್ನಡದಲ್ಲೇ ಇಡಬಹುದು. ಎರಡು ಪ್ರತಿ ಮಾಡಿ ಎರಡು ಕಡೆ ಇಡಿ. ಹೇಳಿದವರ ಹೆಸರು, ಊರು, ತಾರೀಖು ಬರೆಯುವುದನ್ನು ಮರೆಯಬೇಡಿ.

ಬೀಡು ಎಂದರೆ ಬಂದವರು ತಂಗುವ ನೆಲೆ. ಭೀಮನಬೀಡಿನ ಶಾಲೆಯಲ್ಲಿ ಐವತ್ತು ವರ್ಷ ಅಕ್ಷರ ತಂಗಿದೆ. ಶತಮಾನೋತ್ಸವದ ಸಂಚಿಕೆಗೆ ಇತಿಹಾಸ ಬರೆಯುವವರು ಇಂದು ಈ ಬೆಂಚುಗಳ ಮೇಲೆ ಕುಳಿತಿರುವ ನಿಮ್ಮಲ್ಲೇ ಯಾರೋ ಒಬ್ಬರು. ಅಂದು ಅವರು ತೆರೆಯುವ ಕಡತದಲ್ಲಿ ನಿಮ್ಮ ಅಜ್ಜಿಯ ಮಾತು ಕನ್ನಡವಾಗಿಯೇ ಕಾಣಲಿ.

— ಶಾಲೆಯ ಹಳೆಯ ವಿದ್ಯಾರ್ಥಿ